ಸಮೀಪದ ಪ್ರೇಕ್ಷಣೀಯ ಸ್ಥಳಗಳು: ಯಾರಿಗೆ ಸಮೀಪ?



ಹಿಂದಿನ ಬರಹದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಶಾಲಾ ತಪಾಸಣೆಗೆ ಬರುತ್ತಿದ್ದ ದಿನಗಳ ಫಜೀತಿಗಳನ್ನು ಬರೆದಾಗ ನಿಮ್ಮಲ್ಲಿ ಅನೇಕರು ನಕ್ಕು ಉತ್ತರ ಬರೆದಿರಿ. ಸಂತೋಷ. ಈ ಬಾರಿ ನಗಿಸುವ ಉದ್ದೇಶ ನನಗಿಲ್ಲ, ಜಗಳವಾಡುವ ಉದ್ದೇಶವಿದೆ. ಜಗಳ ಒಂದು ಹಾಳೆಯೊಡನೆ.

ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರಿನ ಸುತ್ತ ಕಾಫಿ ತೋಟಗಳ ನಡುವೆ ಎದ್ದಿರುವ ರೆಸಾರ್ಟು, ಹೋಂಸ್ಟೇಗಳಲ್ಲಿ ಒಂದೆರಡು ರಾತ್ರಿ ತಂಗಿದವರಿಗೆಲ್ಲ ಆ ಹಾಳೆ ಪರಿಚಿತವೇ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಕೋಣೆಯ ಮೇಜಿನ ಮೇಲೆ ಇಟ್ಟಿರುತ್ತಾರೆ. ಇಲ್ಲವೇ ನೀವು ಮುಂಗಡ ಹಣ ಕಟ್ಟಿದ ಕೂಡಲೇ ಮೊಬೈಲಿಗೆ ಕಳುಹಿಸುತ್ತಾರೆ. ತಲೆಬರಹ: ‘ಸಮೀಪದ ಪ್ರೇಕ್ಷಣೀಯ ಸ್ಥಳಗಳು’. ಅದರ ಕೆಳಗೆ ಮೂರು ಸಾಲುಗೂಡುಗಳು. ಮೊದಲನೆಯದರಲ್ಲಿ ಊರಿನ ಹೆಸರು, ಎರಡನೆಯದರಲ್ಲಿ ಕಿಲೋಮೀಟರು, ಮೂರನೆಯದರಲ್ಲಿ ತಗಲುವ ಸಮಯ. ಬೇಲೂರು ಮತ್ತು ಹಳೇಬೀಡು, ಅರ್ಧ ದಿನ. ಮಂಜರಾಬಾದ್ ಕೋಟೆ, ಒಂದು ಗಂಟೆ. ಶೆಟ್ಟಿಹಳ್ಳಿ ಚರ್ಚು, ಅರ್ಧ ಗಂಟೆ. ಶ್ರವಣಬೆಳಗೊಳ, ‘ಮೆಟ್ಟಿಲು ಹತ್ತಲು ಸಾಧ್ಯವಿರುವವರಿಗೆ’. ಇಷ್ಟರಲ್ಲಿ ಒಂದು ಸಾವಿರ ವರ್ಷದ ಚರಿತ್ರೆ ಮುಗಿದು, ಮುಂದಿನ ಸಾಲಿನಲ್ಲಿ ಜಲಪಾತವೂ ಜೀಪು ಸವಾರಿಯೂ ಬಂದುಬಿಡುತ್ತವೆ.

ಈ ಹಾಳೆಯ ಮೇಲೇಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ಸಿಟ್ಟಿಗೆ ಮೂಲ ಕಾರಣ ಆ ‘ಸಮೀಪದ’ ಎಂಬ ಪದ. ಯಾರಿಗೆ ಸಮೀಪ? ಯಾವುದಕ್ಕೆ ಸಮೀಪ? ಬೇಲೂರಿನ ಚೆನ್ನಕೇಶವ ದೇವಾಲಯ ಕ್ರಿ.ಶ. 1117ರಿಂದ ಅಲ್ಲಿ ನಿಂತಿದೆ. ನಿನ್ನೆ ಮೊನ್ನೆ ಎದ್ದ ಒಂದು ಈಜುಕೊಳದಿಂದ ಅದು ಇಷ್ಟು ಕಿಲೋಮೀಟರು ದೂರ ಎಂದು ಗುರುತಿಸುವಾಗ, ಆ ಈಜುಕೊಳವೇ ಭೂಮಂಡಲದ ಕೇಂದ್ರವೆಂದೂ ವಿಷ್ಣುವರ್ಧನನು ಅದರ ಅತಿಥಿಗಳ ಮನರಂಜನೆಗಾಗಿ ದೇವಾಲಯ ಕಟ್ಟಿಸಿದನೆಂದೂ ನಾವು ಒಪ್ಪಿಕೊಂಡಂತಾಗುತ್ತದೆ. ಇದು ಬರಿಯ ಮಾತಿನ ಕುಚೋದ್ಯವೆಂದು ತಳ್ಳಿಹಾಕಬೇಡಿ. ಒಂದು ಊರನ್ನು ಹಾಸಿಗೆಯಿಂದ ಎಷ್ಟು ದೂರ ಎಂದು ಅಳೆಯಲು ಆರಂಭಿಸಿದ ಮೇಲೆ, ಆ ಊರಿನಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು, ಯಾವ ಕಥೆಯನ್ನು ನಂಬಬೇಕು ಎಂಬುದೆಲ್ಲ ಆ ಹಾಸಿಗೆಯ ಅನುಕೂಲದಿಂದಲೇ ನಿರ್ಧಾರವಾಗುತ್ತದೆ. ನನ್ನ ಆಕ್ಷೇಪಣೆಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಈ ಹಾಳೆ ಬಿಟ್ಟುಬಿಡುವ ಊರುಗಳ ಸಂಗತಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೆಮ್ಮೆಯ ಸಂಗತಿ. ಆದರೆ ಆ ಬಳಿಕ ನಾನು ನೋಡಿದ ಹಾಳೆಗಳಲ್ಲಿ ಆದ ಬದಲಾವಣೆಯೆಂದರೆ, ಎರಡು ಹೆಸರುಗಳ ಪಕ್ಕದಲ್ಲಿ ‘ಯುನೆಸ್ಕೋ’ ಎಂಬ ಮುದ್ರೆ ಬಿದ್ದದ್ದು ಮಾತ್ರ. ಉಳಿದ ಊರುಗಳ ಪಾಲಿಗೆ ಬಾಗಿಲು ಮೊದಲಿನಂತೆಯೇ ಮುಚ್ಚಿದೆ.

ಹಾಸನದಿಂದ ಬೇಲೂರಿಗೆ ಹೋಗುವವರು ದಾರಿಯಲ್ಲಿ ಸ್ವಲ್ಪ ಒಳಕ್ಕೆ ಹೊರಳಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಕೆರೆಯ ಅಂಚಿನಲ್ಲಿ, ತೆಂಗಿನ ಮರಗಳ ನಡುವೆ ಲಕ್ಷ್ಮೀದೇವಿಯ ದೇವಾಲಯ. ಕ್ರಿ.ಶ. 1113ರ ಸುಮಾರಿನದು, ಎಂದರೆ ಬೇಲೂರಿನ ಚೆನ್ನಕೇಶವನಿಗಿಂತಲೂ ಹಿರಿದು. ಇದನ್ನು ಕಟ್ಟಿಸಿದವರು ಅರಸರಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ. ಎಂಟುನೂರು ತೊಂಬತ್ತು ದಾಟಿ ಒಂಬೈನೂರು ವರ್ಷಗಳ ಹಿಂದೆ ಒಬ್ಬ ವರ್ತಕ ತನ್ನ ಹೆಂಡತಿಯ ಹೆಸರನ್ನು ತನ್ನ ಹೆಸರಿನ ಜೊತೆಯಲ್ಲಿ ಕಲ್ಲಿನಲ್ಲಿ ಉಳಿಸಿದ್ದಾನೆ. ನಾಲ್ಕು ಗರ್ಭಗುಡಿಗಳುಳ್ಳ ಈ ಬಗೆಯ ಚತುಷ್ಕೂಟ ಹೊಯ್ಸಳರಲ್ಲಿ ಅತಿ ವಿರಳ. ಲಕ್ಷ್ಮಿಯ ಗುಡಿಯಿರುವ ಆವರಣದಲ್ಲಿಯೇ ಕಾಳಿಯ ಗುಡಿಯೂ ಇದೆ. ಅದರ ಬಾಗಿಲಲ್ಲಿ ಎಲುಬುಗೂಡಿನ ಬೇತಾಳಗಳು ಕಾವಲು ನಿಂತಿವೆ. ಐಶ್ವರ್ಯದ ದೇವಿಯನ್ನೂ ಸಂಹಾರದ ದೇವಿಯನ್ನೂ ಒಂದೇ ಸೂರಿನಡಿ ಇರಿಸಿದವರ ಮನಸ್ಸಿನಲ್ಲಿ ಏನಿತ್ತು ಎಂದು ಅರ್ಧ ಗಂಟೆ ಕುಳಿತು ಯೋಚಿಸಬಹುದಾದ ಸ್ಥಳ ಅದು. 2020ರ ನವೆಂಬರಿನಲ್ಲಿ ಆ ಕಾಳಿಯ ವಿಗ್ರಹ ಒಡೆದು ಬಿದ್ದಿರುವುದು ಕಂಡುಬಂತು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಜನ ಮರುಗಿದರು. ಬೆಂಗಳೂರಿನಿಂದ ನನಗೆ ದೂರವಾಣಿ ಮಾಡಿ ದುಃಖ ತೋಡಿಕೊಂಡ ಬಂಧುವೊಬ್ಬರನ್ನು, ‘ನೀವು ಹಾಸನ-ಬೇಲೂರು ರಸ್ತೆಯಲ್ಲಿ ಎಷ್ಟು ಸಲ ಹೋಗಿದ್ದೀರಿ?’ ಎಂದು ಕೇಳಿದೆ. ಹತ್ತು ಹನ್ನೆರಡು ಸಲವಂತೆ. ದೊಡ್ಡಗದ್ದವಳ್ಳಿಗೆ? ಒಮ್ಮೆಯೂ ಇಲ್ಲ. ಹಾಳೆಯಲ್ಲಿ ಇರಲಿಲ್ಲವಲ್ಲ!

ಇದೊಂದೇ ಊರಾದರೆ ಸುಮ್ಮನಿರುತ್ತಿದ್ದೆ. ಹಾಸನದ ಮಗ್ಗುಲಿನಲ್ಲೇ ಇರುವ ಕೋರವಂಗಲದಲ್ಲಿ ಬೂಚೇಶ್ವರ ದೇವಾಲಯವಿದೆ. ಕ್ರಿ.ಶ. 1173ರಲ್ಲಿ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂಭ್ರಮಕ್ಕಾಗಿ ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ್ದು. ಮೊಸಳೆಯಲ್ಲಿ ನಾಗೇಶ್ವರ ಮತ್ತು ಚೆನ್ನಕೇಶವರ ಗುಡಿಗಳೆರಡು ಅವಳಿ ಮಕ್ಕಳಂತೆ ಅಕ್ಕಪಕ್ಕದಲ್ಲಿ ನಿಂತಿವೆ. ಶೈವ-ವೈಷ್ಣವರ ಜಗಳಗಳ ಬಗ್ಗೆ ಪುಟಗಟ್ಟಲೆ ಓದಿದವರು ಒಮ್ಮೆ ಆ ಎರಡು ಗುಡಿಗಳ ನಡುವಿನ ಕಿರಿದಾದ ಜಾಗದಲ್ಲಿ ನಿಂತು ಬರಬೇಕು. ಹಳೇಬೀಡಿಗೆ ಸಮೀಪದಲ್ಲೇ, ಜಿಲ್ಲೆಯ ಗಡಿ ದಾಟಿದರೆ ಬೆಳವಾಡಿಯ ವೀರನಾರಾಯಣ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಈ ಮೂವರಿಗೂ ಪ್ರತ್ಯೇಕ ಗರ್ಭಗುಡಿಗಳುಳ್ಳ ವಿಶಾಲವಾದ ತ್ರಿಕೂಟ. ಅರಸೀಕೆರೆ ತಾಲ್ಲೂಕಿನಲ್ಲಿ ಹಾರನಹಳ್ಳಿ, ಜಾವಗಲ್; ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬೊಮ್ಮಣ್ಣ ದಂಡನಾಯಕನು ಕ್ರಿ.ಶ. 1246ರಲ್ಲಿ ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಂತೂ ಹೊಯ್ಸಳರ ಮೂಲಸ್ಥಾನ, ಶಾಸನಗಳ ಸೊಸೆವೂರು. ಸಳನು ಹುಲಿಯನ್ನು ಇರಿಯುವ ಲಾಂಛನದ ಮುಂದೆ ನಿಂತು ಬೇಲೂರಿನಲ್ಲಿ ಪಟ ತೆಗೆಸಿಕೊಳ್ಳದವರಿಲ್ಲ. ಆ ಕಥೆ ನಡೆಯಿತೆಂದು ಹೇಳುವ ಊರಿನ ಸುತ್ತಲೇ ಎಷ್ಟೋ ಹೋಂಸ್ಟೇಗಳಿದ್ದರೂ, ಅಲ್ಲಿಯ ಹಳೆಯ ಬಸದಿಗಳನ್ನು ನೋಡಲು ಹೊರಡುವವರು ಬೆರಳೆಣಿಕೆಯಷ್ಟು.

ಹಳೇಬೀಡಿನ ಒಳಗೇ ಈ ತಾರತಮ್ಯ ಉಂಟು. ‘ಅರ್ಧ ದಿನ’ದ ಲೆಕ್ಕದಲ್ಲಿ ಬಂದವರು ಹೊಯ್ಸಳೇಶ್ವರನನ್ನು ಸುತ್ತಿ, ಎಳನೀರು ಕುಡಿದು, ಕಾರು ಹತ್ತುತ್ತಾರೆ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಬಸ್ತಿಹಳ್ಳಿಯ ಮೂರು ಬಸದಿಗಳಿವೆ. ಅವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ಕ್ರಿ.ಶ. 1133ರಲ್ಲಿ ಬೊಪ್ಪದೇವನು ತನ್ನ ತಂದೆ, ಮಹಾದಂಡನಾಯಕ ಗಂಗರಾಜನ ನೆನಪಿಗಾಗಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಅರಮನೆಗೆ ತಲುಪಿದ ಹೊತ್ತಿನಲ್ಲಿಯೇ ಯುದ್ಧದಲ್ಲಿ ಗೆಲುವೂ ಅರಸನಿಗೆ ಪುತ್ರೋತ್ಸವವೂ ಒದಗಿದ್ದರಿಂದ ವಿಷ್ಣುವರ್ಧನನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನಂತೆ. ಒಳಗಿನ ಕಂಬಗಳನ್ನು ಕನ್ನಡಿಯಂತೆ ನುಣುಪುಗೊಳಿಸಿದ್ದಾರೆ. ಮಗನೊಬ್ಬ ತಂದೆಗೆ ಸಲ್ಲಿಸಿದ ಈ ಗೌರವವನ್ನು ನೋಡಲು ಹದಿನೈದು ನಿಮಿಷ ಸಾಕು. ಆದರೆ ಆ ಹದಿನೈದು ನಿಮಿಷ ಹಾಳೆಯ ಲೆಕ್ಕದಲ್ಲಿಲ್ಲ, ಏಕೆಂದರೆ ಮಧ್ಯಾಹ್ನದ ಊಟಕ್ಕೆ ರೆಸಾರ್ಟಿಗೆ ಮರಳಬೇಕು.

ಎಲ್ಲಕ್ಕಿಂತ ನನ್ನನ್ನು ಚುಚ್ಚುವುದು ಹಲ್ಮಿಡಿಯ ಸಂಗತಿ. ಬೇಲೂರು ತಾಲ್ಲೂಕಿನ ಸಣ್ಣ ಹಳ್ಳಿ. ಸುಮಾರು ಕ್ರಿ.ಶ. 450ರದ್ದೆಂದು ವಿದ್ವಾಂಸರು ಹೇಳುವ ಕನ್ನಡ ಶಾಸನ ದೊರೆತದ್ದು ಅಲ್ಲಿ. ಅದನ್ನು ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣರು. ತಾಳಗುಂದದಲ್ಲಿ ದೊರೆತ ಸಿಂಹಕಟಾಂಜನದ ಶಾಸನ ಇದಕ್ಕಿಂತಲೂ ಹಳೆಯದೆಂಬ ವಾದ ಈಚೆಗೆ ಬಂದಿದೆ, ನಿಜ. ಆದರೆ ಹಲ್ಮಿಡಿಯ ಗೌರವ ಅದರಿಂದ ಕುಂದುವುದಿಲ್ಲ. ಮೂಲಶಾಸನ ಬೇರೆಡೆ ಸುರಕ್ಷಿತವಾಗಿದೆ. ಊರಿನಲ್ಲಿ ಮಂಟಪ ಕಟ್ಟಿ ಅದರ ಪ್ರತಿಕೃತಿಯನ್ನು ಇರಿಸಿದ್ದಾರೆ. ಕನ್ನಡ ನುಡಿಯ ಮನೆತನದ ಹಳೆಯ ದಾಖಲೆ ಸಿಕ್ಕ ಊರು ಪಕ್ಕದಲ್ಲೇ ಇರುವಾಗ, ನವೆಂಬರ್ ತಿಂಗಳಲ್ಲಿ ಹಳದಿ-ಕೆಂಪು ಶಾಲು ಹೊದ್ದು ಬಂದ ಕನ್ನಡಿಗ ಅತಿಥಿಗಳನ್ನು ಜೀಪಿನಲ್ಲಿ ಕೂರಿಸಿ ಕೆಸರಿನಲ್ಲಿ ಓಡಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಎರಡನೆಯ ಆಕ್ಷೇಪಣೆ, ಹಾಳೆ ಹೇಳುವ ಕಥೆಗಳದ್ದು. ಒಂದು ಸಾಲಿನಲ್ಲಿ ಸ್ಥಳ ಪರಿಚಯ ಮಾಡಬೇಕಾದಾಗ ಸತ್ಯಕ್ಕಿಂತ ಸ್ವಾರಸ್ಯ ಮುಖ್ಯವಾಗುತ್ತದೆ. ಬೇಲೂರು ಎಂದರೆ ಜಕಣಾಚಾರಿ, ಕಪ್ಪೆ, ಡಂಕಣ. ಆ ಐತಿಹ್ಯ ನನಗೂ ಪ್ರಿಯವೇ. ತರಗತಿಯಲ್ಲಿ ಅದನ್ನು ನಿಮಗೆಲ್ಲ ಅಭಿನಯಿಸಿ ತೋರಿಸಿದ್ದೇನೆ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಹೇಳಿದ್ದೆ, ನೆನಪಿದೆಯೇ? ಜಕಣಾಚಾರಿಯ ಹೆಸರು ಜನರ ಬಾಯಲ್ಲಿದೆ. ಕಲ್ಲಿನಲ್ಲಿ ಇರುವ ಹೆಸರುಗಳು ಬೇರೆ. ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೊರೆದಿದ್ದಾರೆ. ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಅಮೃತಪುರ, ಹಾರನಹಳ್ಳಿ, ನುಗ್ಗೇಹಳ್ಳಿ, ಸೋಮನಾಥಪುರ ಹೀಗೆ ಹಲವೆಡೆ ಸಿಗುತ್ತದೆ. ನುಗ್ಗೇಹಳ್ಳಿಯಲ್ಲಂತೂ ಒಂದು ಪಕ್ಕದ ಗೋಡೆ ಬೈಚೋಜನದು, ಇನ್ನೊಂದು ಪಕ್ಕದ್ದು ಮಲ್ಲಿತಮ್ಮನದು. ಇಬ್ಬರ ಕೈಬರಹವನ್ನು ಹೋಲಿಸುವಂತೆ ಇಬ್ಬರ ಉಳಿಯನ್ನು ಹೋಲಿಸಿ ನೋಡಬಹುದು. ಜಗತ್ತಿನ ಎಷ್ಟೋ ಕಡೆಗಳಲ್ಲಿ ಮಧ್ಯಯುಗದ ಶಿಲ್ಪಿಗಳು ಹೆಸರಿಲ್ಲದೆ ಮಣ್ಣಾದರು. ನಮ್ಮ ನೆಲದ ಶಿಲ್ಪಿಗಳು ‘ಇದು ನನ್ನ ಕೆಲಸ’ ಎಂದು ಸಹಿ ಹಾಕಿಹೋಗಿದ್ದಾರೆ. ಆ ಸಹಿಯನ್ನು ಓದದೆ, ಇದ್ದನೋ ಇಲ್ಲವೋ ತಿಳಿಯದವನಿಗೆ ಎಲ್ಲ ಕೀರ್ತಿಯನ್ನೂ ಕಟ್ಟುವುದು ದುಡಿದವನ ಕೂಲಿಯನ್ನು ಇನ್ನೊಬ್ಬನಿಗೆ ಕೊಟ್ಟಷ್ಟೇ ಅನ್ಯಾಯ.

ಮಂಜರಾಬಾದಿನ ಗತಿಯೂ ಇದೇ. ನಕ್ಷತ್ರದಂತೆ ಎಂಟು ಮೂಲೆಗಳುಳ್ಳ ಈ ಕೋಟೆಯನ್ನು ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ. ಯೂರೋಪಿನಲ್ಲಿ ಫಿರಂಗಿಗಳ ಕಾಲಕ್ಕೆ ತಕ್ಕಂತೆ ರೂಪುಗೊಂಡ ಕೋಟೆಯ ವಿನ್ಯಾಸ ಅದು. ಚೂಪಾದ ಮೂಲೆಗಳಿಂದ ಗೋಡೆಯ ಯಾವ ಭಾಗಕ್ಕೆ ಶತ್ರು ಬಂದರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದು. ಹಾಳೆ ಮಾತ್ರ ‘ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಮಾರ್ಗವಿದೆ’ ಎನ್ನುತ್ತದೆ. ನೂರು ಕಿಲೋಮೀಟರಿಗೂ ಮಿಕ್ಕಿದ ದೂರ, ನಡುವೆ ಹೊಳೆಗಳು, ಬಂಡೆಗಳು! ಒಂಬತ್ತನೆಯ ತರಗತಿಯ ಹುಡುಗ ಹೀಗೆ ಬರೆದಿದ್ದರೆ ನಾನು ಭೂಪಟ ತರಿಸಿ ಅವನ ಕೈಯಿಂದಲೇ ಅಳತೆ ಮಾಡಿಸುತ್ತಿದ್ದೆ. ಈ ಸುರಂಗದ ಸುಳ್ಳಿನಡಿ ಹೂತುಹೋದ ಸತ್ಯವಾದರೂ ಎಷ್ಟು ರೋಮಾಂಚಕ! ಟಿಪ್ಪು ಮಡಿದ ಮೇಲೆ ಬಳಂ ಸೀಮೆಯ ಐಗೂರು ಪಾಳೆಯಗಾರ ವೆಂಕಟಾದ್ರಿ ನಾಯಕನು ಇಂಗ್ಲಿಷರಿಗೆ ಮಣಿಯದೆ ಈ ಕಾಡುಗಳಲ್ಲಿ ಕಾದಾಡಿದ. ಅವನ ಮೇಲೆ 1802ರಲ್ಲಿ ದಂಡೆತ್ತಿ ಬಂದವನು ಆರ್ಥರ್ ವೆಲ್ಲೆಸ್ಲಿ. ಹದಿಮೂರು ವರ್ಷಗಳ ತರುವಾಯ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ವೆಂಕಟಾದ್ರಿ ನಾಯಕನನ್ನು ಸೆರೆಹಿಡಿದು ಆ ವರ್ಷದ ಫೆಬ್ರವರಿಯಲ್ಲಿ ಗಲ್ಲಿಗೇರಿಸಿದರು. ಯೂರೋಪಿನ ಚರಿತ್ರೆ ನಮ್ಮ ಏಲಕ್ಕಿ ಮಲೆಯೊಳಗೆ ಕಾಲಿಟ್ಟು ಹೋದ ಈ ಘಟನೆಯನ್ನು ಹೇಳಲು ಒಂದು ಸಾಲು ಸಾಕಾಗಿತ್ತು.

ಮೂರನೆಯದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ. ಶೆಟ್ಟಿಹಳ್ಳಿಯ ಚರ್ಚನ್ನು ಹಾಳೆ ‘ಮುಳುಗುವ ಚರ್ಚು, ಛಾಯಾಗ್ರಹಣಕ್ಕೆ ಅತ್ಯುತ್ತಮ’ ಎಂದು ವರ್ಣಿಸುತ್ತದೆ. ಫ್ರೆಂಚ್ ಪಾದ್ರಿಗಳ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಎದ್ದ ಆರಾಧನಾ ಮಂದಿರ ಅದು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರು ಏರಿತು, ಜನ ಎದ್ದುಹೋದರು. ಈಗ ಮಳೆಗಾಲದಲ್ಲಿ ನೀರಿನಿಂದ ಕಮಾನುಗಳ ತಲೆ ಮಾತ್ರ ಕಾಣುತ್ತದೆ, ಬೇಸಿಗೆಯಲ್ಲಿ ಅದೇ ಕಮಾನುಗಳ ಕೆಳಗೆ ಮದುವೆಯಾಗಲಿರುವ ಜೋಡಿಗಳು ಬಾಡಿಗೆಯ ಉಡುಪಿನಲ್ಲಿ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಸಂತೋಷಪಡುವ ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಆದರೆ ಆ ನೀರಿನಡಿಯಲ್ಲಿ ಜನರ ಹೊಲಗಳಿದ್ದವು, ಬಾವಿಕಟ್ಟೆಗಳಿದ್ದವು ಎಂಬ ಒಂದು ಮಾತೂ ಹಾಳೆಯಲ್ಲಿಲ್ಲ. ನನ್ನ ತರಗತಿಗಳಲ್ಲಿ ಮುಳುಗಡೆಯ ಊರುಗಳಿಂದ ಬಂದ ಮಕ್ಕಳಿದ್ದರು. ‘ನಮ್ಮ ಊರು’ ಎಂಬ ಪ್ರಬಂಧ ಬರೆಯಲು ಹೇಳಿದಾಗ ಒಬ್ಬ ಹುಡುಗಿ ಎದ್ದುನಿಂತು, ‘ಯಾವ ಊರು ಸಾರ್, ಮುಳುಗಿದ್ದೋ, ಈಗ ಇರೋದೋ?’ ಎಂದು ಕೇಳಿದ್ದಳು. ಇಡೀ ತರಗತಿ ಸ್ತಬ್ಧವಾಗಿತ್ತು. ಅವಳ ಪ್ರಶ್ನೆಗೆ ‘ಛಾಯಾಗ್ರಹಣಕ್ಕೆ ಅತ್ಯುತ್ತಮ’ ಎಂಬುದು ಉತ್ತರವಾಗಲಾರದು.

ನಾಲ್ಕನೆಯದು, ಈ ಅವಸರ ಕಲ್ಲಿಗೆ ಮಾಡುವ ಗಾಯ. ಹೊಯ್ಸಳರು ಬಳಸಿದ ಶಿಲೆಗೆ ನಮ್ಮ ಕಡೆ ಬಳಪದ ಕಲ್ಲು ಎನ್ನುತ್ತಾರೆ. ಸ್ಲೇಟಿನ ಮೇಲೆ ಬಳಪ ಹಿಡಿದು ಅಕ್ಷರ ತಿದ್ದಿದ ನಿಮಗೆ ಆ ಹೆಸರೇ ಎಲ್ಲವನ್ನೂ ಹೇಳಬೇಕು. ಭೂಮಿಯಿಂದ ತೆಗೆದಾಗ ಮೃದುವಾಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಶಿಲ್ಪಿಗೆ ಸರದ ಮಣಿಮಣಿಯನ್ನೂ ಬಿಡಿಸಿ ಕೊರೆಯಲು ಸಾಧ್ಯವಾಯಿತು. ಆದರೆ ಬಳಪದ ಗುಣ ಅದಕ್ಕೆ ಇದ್ದೇ ಇದೆ, ಮೊಳೆಯಿಂದ ಗೀರಿದರೆ ಗೀರು ಉಳಿಯುತ್ತದೆ. ಅರ್ಧ ದಿನದಲ್ಲಿ ಎರಡು ಊರು ಮುಗಿಸಬೇಕಾದವನಿಗೆ ಶಿಲ್ಪವನ್ನು ನೋಡಲು ಬಿಡುವಿಲ್ಲ. ‘ನಾನೂ ಬಂದಿದ್ದೆ’ ಎಂದು ಗುರುತು ಬಿಡಲು ಬಿಡುವುಂಟು. ದಾಸೋಜ ತನ್ನ ಹೆಸರು ಕೊರೆಯುವ ಮೊದಲು ಒಂದು ಮದನಿಕೆಯನ್ನು ಕಡೆದಿದ್ದ. ಇವರು ಏನನ್ನು ಕಡೆದು ಹೆಸರು ಬರೆಯುತ್ತಾರೆ? ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು 1958ರ ಕಾಯಿದೆಯಲ್ಲಿ ಅವಕಾಶವಿದೆ. ಟವೆಲ್ಲು ಕಳೆದರೆ ಇಷ್ಟು, ಲೋಟ ಒಡೆದರೆ ಇಷ್ಟು ಎಂದು ಅತಿಥಿಗಳಿಗೆ ಬರೆದು ತಿಳಿಸುವ ರೆಸಾರ್ಟುಗಳು ಈ ದಂಡವನ್ನೂ ಅದರ ಜೊತೆಯಲ್ಲಿ ಒಂದು ಸಾಲು ಬರೆಯಬಾರದೇಕೆ?

ಇವೆಲ್ಲದರ ಪರಿಣಾಮ ಅತಿಥಿಗಳ ಮೇಲಷ್ಟೇ ಆಗುತ್ತಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. ಎರಡು ವರ್ಷಗಳ ಹಿಂದೆ ಬಂಧುಗಳ ಆರತಕ್ಷತೆಗೆಂದು ಇಂಥದೊಂದು ರೆಸಾರ್ಟಿಗೆ ಹೋಗಿದ್ದಾಗ, ಮುಂಭಾಗದ ಮೇಜಿನ ಬಳಿ ಕುಳಿತಿದ್ದ ತರುಣನನ್ನು ಮಾತಿಗೆಳೆದೆ. ಚುರುಕು ಹುಡುಗ, ಇಂಗ್ಲಿಷು ಹಿಂದಿ ಎರಡನ್ನೂ ಸರಾಗವಾಗಿ ಆಡುತ್ತಿದ್ದ. ಯಾವ ಊರಪ್ಪ ಎಂದು ಕೇಳಿದರೆ, ಮೇಲೆ ನಾನು ಹೆಸರಿಸಿದ ಊರುಗಳಲ್ಲಿ ಒಂದರ ಪಕ್ಕದವನು. ‘ನಿಮ್ಮ ಕಡೆಯ ದೇವಸ್ಥಾನ ಈ ಹಾಳೆಯಲ್ಲಿ ಇಲ್ಲವಲ್ಲ?’ ಎಂದೆ. ಅವನು ಸಂಕೋಚದಿಂದ ನಕ್ಕು, ‘ನಮ್ಮೂರ ಕಡೆ ನೋಡೋಕೆ ಏನಿದೆ ಸಾರ್?’ ಎಂದ.

ಈ ಉತ್ತರವೇ ನನ್ನ ಜಗಳದ ತಿರುಳು. ಅವನು ಅದೇ ದೇವಾಲಯದ ಜಗಲಿಯಲ್ಲಿ ಆಡಿ ಬೆಳೆದಿರಬೇಕು. ಹತ್ತು ವರ್ಷ ಶಾಲೆಯಲ್ಲಿ ನಾವು ಕಲಿಸಿದ್ದನ್ನು ಪ್ಲಾಸ್ಟಿಕ್ ಹೊದಿಕೆಯ ಒಂದು ಹಾಳೆ ಅಳಿಸಿಹಾಕಿತು. ಅದರಲ್ಲಿ ಹೆಸರಿಲ್ಲದ ಊರಿನಲ್ಲಿ ಏನೂ ಇಲ್ಲ ಎಂದು ಅವನಿಗೆ ಕಲಿಸಿತು. ತನ್ನ ಊರಿನಲ್ಲಿ ಏನೂ ಇಲ್ಲವೆಂದು ನಂಬಿದವನು ಅದರ ಗೋಡೆ ಬಿರುಕುಬಿಟ್ಟಾಗ ಯಾರಿಗೂ ಹೇಳುವುದಿಲ್ಲ, ನಿಧಿಗಳ್ಳರು ರಾತ್ರಿ ಗುಡಿಯ ನೆಲ ಅಗೆದರೆ ಎದ್ದು ಬರುವುದಿಲ್ಲ. ಸ್ಮಾರಕಗಳನ್ನು ಕಾಯುವುದು ಇಲಾಖೆಯ ಫಲಕವಷ್ಟೇ ಎಂದು ತಿಳಿಯಬೇಡಿ. ಫಲಕ ಕಾಯುವುದು ಹಗಲಿನಲ್ಲಿ; ರಾತ್ರಿ ಕಾಯುವವರು ಆ ಊರಿನವರು.

ಎದುರು ವಾದಗಳು ನನಗೆ ಗೊತ್ತಿಲ್ಲದವಲ್ಲ. ರೆಸಾರ್ಟುಗಳಿಂದ ನಮ್ಮ ಹುಡುಗ ಹುಡುಗಿಯರಿಗೆ ಉದ್ಯೋಗ ದೊರಕಿದೆ ಎನ್ನುತ್ತಾರೆ. ಒಪ್ಪುತ್ತೇನೆ, ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಸಣ್ಣ ಬೆಳೆಗಾರರ ಮನೆಗೆ ಎರಡು ಕೋಣೆಗಳ ಹೋಂಸ್ಟೇ ಆಸರೆಯಾಯಿತು. ಆದರೆ ಉದ್ಯೋಗ ಕೊಟ್ಟವರು ಊರಿನ ಹೆಸರನ್ನು ಅಳಿಸಬಹುದೆಂಬ ಕರಾರು ಎಲ್ಲಿಯೂ ಇಲ್ಲ. ‘ವಾರವೆಲ್ಲ ದುಡಿದು ದಣಿದು ಬಂದಿರುತ್ತೇವೆ, ನಮಗೆ ಪಾಠ ಬೇಡ, ವಿಶ್ರಾಂತಿ ಬೇಕು’ ಎಂದು ನಿಮ್ಮಲ್ಲೇ ಕೆಲವರು ಹೇಳಿದ್ದೀರಿ. ವಿಶ್ರಾಂತಿ ಬೇಕಾದವರು ತೋಟದ ಕಟ್ಟೆಯ ಮೇಲೆ ಕುಳಿತು ಮಳೆ ನೋಡಿ, ನನ್ನ ತಕರಾರಿಲ್ಲ. ಅದೂ ಒಂದು ವಿದ್ಯೆಯೇ. ಒಂದು ದಿನದಲ್ಲಿ ಐದು ಸ್ಥಳಗಳಿಗೆ ಓಡಿ, ಯಾವುದನ್ನೂ ನೋಡದೆ ಸುಸ್ತಾಗಿ ಮಲಗುವುದನ್ನು ಮಾತ್ರ ವಿಶ್ರಾಂತಿ ಎನ್ನಬೇಡಿ.

ಮೂರನೆಯ ವಾದ ಬಲವಾದದ್ದು. ಸಣ್ಣ ಗುಡಿಗಳ ಹೆಸರನ್ನು ಹಾಳೆಯಲ್ಲಿ ಸೇರಿಸಿದರೆ ಅಲ್ಲಿಗೂ ಜಾತ್ರೆ ನೆರೆಯುತ್ತದೆ, ಇರುವ ನೆಮ್ಮದಿಯೂ ಹಾಳಾಗುತ್ತದೆ, ಮರೆವೇ ಅವುಗಳ ರಕ್ಷೆ ಎಂದು ತಿಳಿದವರೇ ವಾದಿಸುತ್ತಾರೆ. ನಾನು ಇದನ್ನು ಬಹಳ ಯೋಚಿಸಿದ್ದೇನೆ. ಮರೆವು ರಕ್ಷೆಯಾಗಿದ್ದರೆ ದೊಡ್ಡಗದ್ದವಳ್ಳಿಯ ಕಾಳಿ ಒಡೆದು ಬೀಳುತ್ತಿರಲಿಲ್ಲ. ನಾನು ಬಸ್ಸುಗಟ್ಟಲೆ ಜನರನ್ನು ಕೇಳುತ್ತಿಲ್ಲ. ದಿನಕ್ಕೆ ನಾಲ್ಕು ಮಂದಿ ಸಾಕು, ತಿಳಿದು ಬರುವ ನಾಲ್ಕು ಮಂದಿ. ಅವರು ಚಪ್ಪಲಿ ಕಳಚಿಟ್ಟು, ಅರ್ಚಕರ ಯೋಗಕ್ಷೇಮ ವಿಚಾರಿಸಿ, ಊರಿನ ಅಂಗಡಿಯಲ್ಲಿ ಚಹಾ ಕುಡಿದು, ‘ನಿಮ್ಮ ಊರು ಬಹಳ ದೊಡ್ಡದು’ ಎಂದು ಅಲ್ಲಿಯ ಮಕ್ಕಳಿಗೆ ಹೇಳಿ ಹೋದರೆ, ಅದು ಎರಡು ಕಾವಲುಗಾರರನ್ನು ನೇಮಿಸಿದ್ದಕ್ಕೆ ಸಮ.

ಹಾಗಾದರೆ ಏನು ಮಾಡಬೇಕು? ರೆಸಾರ್ಟು ನಡೆಸುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇರುವುದರಿಂದ ನೇರವಾಗಿಯೇ ಹೇಳುತ್ತೇನೆ. ಆ ಹಾಳೆಯನ್ನು ಹರಿದುಹಾಕಿ, ಹೊಸದನ್ನು ಬರೆಯಿರಿ. ಪ್ರತಿ ಊರಿನ ಮುಂದೆ ಕಿಲೋಮೀಟರಿಗಿಂತ ಮೊದಲು, ಯಾರು ಕಟ್ಟಿಸಿದರು, ಯಾವಾಗ, ಯಾರು ಕೆತ್ತಿದರು ಎಂದು ಬರೆಯಿರಿ. ತಿಳಿದದ್ದನ್ನು ಮಾತ್ರ ಬರೆಯಿರಿ. ಐತಿಹ್ಯವನ್ನು ಐತಿಹ್ಯವೆಂದೇ ಕರೆಯಿರಿ. ‘ಅರ್ಧ ದಿನ’ವನ್ನು ಅಳಿಸಿ. ನಿಮ್ಮ ಬಾಗಿಲಿಗೆ ಹತ್ತಿರವಿರುವ, ಯಾರೂ ಹೋಗದ ಒಂದು ಊರನ್ನಾದರೂ ಸೇರಿಸಿ. ಸೇರಿಸುವ ಮೊದಲು ಆ ಊರಿನವರನ್ನು ಕೇಳಿ, ಗುಡಿ ತೆರೆಯುವ ಹೊತ್ತನ್ನು ಅವರಿಂದಲೇ ತಿಳಿದುಕೊಳ್ಳಿ. ಅತಿಥಿಗಳ ಜೊತೆಗೆ ಅಲ್ಲಿಯ ಒಬ್ಬ ತರುಣನನ್ನು ಕಳುಹಿಸಿ, ಅವನ ಸಂಭಾವನೆಯನ್ನು ಬಿಲ್ಲಿನಲ್ಲಿ ಸೇರಿಸಿ. ಜೀಪಿಗೆ ಸಾವಿರಾರು ರೂಪಾಯಿ ಕೊಡುವವರು ಕಥೆಗೆ ಇನ್ನೂರು ಕೊಡಲು ಹಿಂಜರಿಯುವುದಿಲ್ಲ.

ಉಪಾಧ್ಯಾಯ ವೃತ್ತಿಯಲ್ಲಿರುವ ನನ್ನ ಶಿಷ್ಯರಿಗೂ ಒಂದು ಮಾತು. ಶಾಲಾ ಪ್ರವಾಸವೆಂದರೆ ನೀರಿನ ಜಾರುಬಂಡೆಯ ಉದ್ಯಾನ ಎಂದು ಆಗಿಹೋಗಿದೆಯಂತೆ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದು ಜಾರುಬಂಡೆಯನ್ನು ಕುರಿತಲ್ಲ. ವರ್ಷಕ್ಕೊಂದು ದಿನ, ಖರ್ಚಿಲ್ಲದೆ, ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ಅವರ ಸ್ವಂತ ಹೋಬಳಿಯ ಒಂದು ವೀರಗಲ್ಲಿನ ಬಳಿಗೆ ನಡೆಸಿಕೊಂಡು ಹೋಗಿ. ವೀರಗಲ್ಲಿಲ್ಲದ ಹೋಬಳಿ ನಮ್ಮ ಜಿಲ್ಲೆಯಲ್ಲಿ ಇರಲಾರದು.

ಬೆಂಗಳೂರು, ಮುಂಬಯಿ, ಅಮೆರಿಕಗಳಲ್ಲಿರುವ ಉಳಿದವರಿಗೆ ಮೇಷ್ಟರ ಹಳೆಯ ಚಾಳಿಯಂತೆ ಮನೆಗೆಲಸ ಕೊಡುತ್ತಿದ್ದೇನೆ. ಮುಂದಿನ ರಜೆಯಲ್ಲಿ ಈ ಕಡೆ ಬಂದಾಗ ಎಲ್ಲಿ ಬೇಕಾದರೂ ತಂಗಿ. ಮೊದಲು ಊರನ್ನು ಆರಿಸಿಕೊಳ್ಳಿ, ಆಮೇಲೆ ಹಾಸಿಗೆಯನ್ನು. ಹಾಳೆಯಲ್ಲಿಲ್ಲದ ಒಂದೇ ಒಂದು ಸ್ಥಳಕ್ಕೆ ಹೋಗಿ, ಅರ್ಧ ದಿನ ಅಲ್ಲಿಯೇ ಇರಿ. ಮಕ್ಕಳನ್ನು ಕರೆದೊಯ್ಯಿರಿ. ಹಿಂದಿರುಗಿ ಒಂದು ಪುಟಕ್ಕೆ ಮೀರದಂತೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಿ: ಅದನ್ನು ಯಾರು ಕಟ್ಟಿಸಿದರು? ಈಗ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಅವರು ನಿಮಗೆ ಏನು ಹೇಳಿದರು? ಎರಡನೆಯ ಪ್ರಶ್ನೆಗೆ ಹೆಚ್ಚು ಅಂಕ. ಬಂದ ಉತ್ತರಗಳನ್ನೆಲ್ಲ ಸೇರಿಸಿ ಇಲ್ಲಿಯೇ ಒಂದು ಪಟ್ಟಿ ಪ್ರಕಟಿಸುತ್ತೇನೆ. ಬೇಕಾದ ಹೋಂಸ್ಟೇಯವರು ಅದನ್ನು ಧಾರಾಳವಾಗಿ ಅಚ್ಚು ಹಾಕಿಸಿಕೊಳ್ಳಲಿ, ನನ್ನ ಹೆಸರು ಬೇಕಾಗಿಲ್ಲ.

ಕಾಗುಣಿತದ ತಪ್ಪಿಗೆ ಈಗಲೂ ಅಂಕ ಕಳೆಯುತ್ತೇನೆ ಎಂಬುದು ನೆನಪಿರಲಿ.

ಇತಿ ನಿಮ್ಮ ಮೇಷ್ಟರು